ಸರ್ವನಾಮ ಬಂದು ಕೂರುವ ಜಾಗ

ಇಂಗ್ಲಿಷ್ ಹೇಳಿಕೊಡುತ್ತಿದ್ದ ದಿನಗಳಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ಅಭ್ಯಾಸ ಪುಸ್ತಕದಲ್ಲಿ 'ದ ಟಾಲ್ ಶಿ ಕೇಮ್ ಲೇಟ್' ಎಂದು ಬರೆದಿದ್ದಳು. ತಪ್ಪೆಂದು ಕೆಂಪು ಗೆರೆ ಎಳೆದಾಗ ಅವಳು ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು: "ನಾಮಪದದ ಬದಲಿಗೆ ಬಳಸುವುದೇ ಸರ್ವನಾಮ ಎಂದು ನೀವೇ ಹೇಳಿದ್ದೀರಿ. 'ಗರ್ಲ್' ನಾಮಪದ. ಅದನ್ನು ತೆಗೆದು 'ಶಿ' ಹಾಕಿದ್ದೇನೆ. ತಪ್ಪು ಎಲ್ಲಿದೆ?" ನಾನು ಕಲಿಸಿದ್ದ ವ್ಯಾಖ್ಯೆಯನ್ನು ಅವಳು ಅಕ್ಷರಶಃ ಪಾಲಿಸಿದ್ದಳು. ದೋಷವಿದ್ದದ್ದು ಆ ವ್ಯಾಖ್ಯೆಯಲ್ಲಿ.

'ನಾಮದ ಬದಲಿಗೆ' ಎಂಬುದು ಲ್ಯಾಟಿನ್ನಿನ 'ಪ್ರೊನೋಮೆನ್' ಎಂಬ ಪದದ ಅರ್ಥ. ಇಂಗ್ಲಿಷ್ ಶಾಲಾ ವ್ಯಾಕರಣ ಅದನ್ನೇ ಹಿಡಿದು ಬಂದಿದೆ. ಆದರೆ ಇಂಗ್ಲಿಷಿನಲ್ಲಿ 'ಹಿ', 'ಶಿ', 'ಇಟ್', 'ದೇ' ಎಂಬ ಪದಗಳು ಒಂಟಿ ನಾಮಪದದ ಜಾಗದಲ್ಲಿ ಕೂರುವುದಿಲ್ಲ. ನಾಮಪದವೂ ಅದರ ವಿಶೇಷಣಗಳೂ ಸೇರಿದ ಇಡೀ ಪದಗುಚ್ಛವನ್ನು ಎತ್ತಿಟ್ಟು ಆ ಜಾಗದಲ್ಲಿ ಕೂರುತ್ತವೆ. 'ದ ಟಾಲ್ ಗರ್ಲ್ ಹೂ ಸಿಟ್ಸ್ ನಿಯರ್ ದ ವಿಂಡೋ' ಎಂಬ ಎಂಟು ಪದಗಳೂ ಹೋಗಿ 'ಶಿ' ಎಂಬ ಒಂದೇ ಪದ ಉಳಿಯುತ್ತದೆ. ಎತ್ತರ, ಕಿಟಕಿ ಎಲ್ಲವೂ ಅದರೊಳಗೇ ಅಡಗಿರುವುದರಿಂದ ಅದರ ಮುಂದೆ 'ಟಾಲ್' ಎಂದು ಮತ್ತೆ ಹೇಳಲು ಎಡೆಯಿಲ್ಲ.

ಆ ಹುಡುಗಿ ಹಾಗೆ ಬರೆದದ್ದೇಕೆ ಎಂಬುದು ನನಗೆ ಹೊಳೆಯಲು ಕೆಲವು ದಿನ ಬೇಕಾಯಿತು. ಕನ್ನಡದಲ್ಲಿ ನಾವು 'ಎತ್ತರದವಳು ತಡವಾಗಿ ಬಂದಳು' ಎನ್ನುತ್ತೇವೆ. 'ಎತ್ತರದ' ಎಂಬುದಕ್ಕೆ 'ಅವಳು' ಸೇರಿದರೆ 'ಎತ್ತರದವಳು'. 'ಕೂರುವ' ಎಂಬುದಕ್ಕೆ ಸೇರಿದರೆ 'ಕೂರುವವಳು'. ದೊಡ್ಡವನು, ಬಂದವರು, ಕೆಂಪಗಿರುವುದು, ನಿನ್ನೆ ತಂದದ್ದು ಎಂದು ದಿನವಿಡೀ ಆಡುವ ನಮಗೆ, ವಿಶೇಷಣದ ಬೆನ್ನಿಗೆ ಸರ್ವನಾಮ ಬಂದು ಅಂಟಿಕೊಳ್ಳುವುದು ಉಸಿರಾಟದಷ್ಟು ಸಹಜ. ಅವಳು ಕನ್ನಡದ ಈ ದಾರಿಯಲ್ಲೇ ಇಂಗ್ಲಿಷಿಗೆ ನಡೆದಿದ್ದಳು. ಇಂಗ್ಲಿಷ್ ಈ ಕೆಲಸವನ್ನು 'ಒನ್' ಎಂಬ ಪದಕ್ಕೆ ಒಪ್ಪಿಸಿದೆ: 'ದ ಟಾಲ್ ಒನ್', 'ದ ರೆಡ್ ಒನ್ಸ್', 'ದ ಒನ್ ಹೂ ಸಿಟ್ಸ್ ನಿಯರ್ ದ ವಿಂಡೋ'. ವ್ಯಾಖ್ಯೆ ಹೇಳುವಂತೆ ನಿಜವಾಗಿ ನಾಮಪದದ ಬದಲಿಗೆ ಬರುವ ಪದವೆಂದರೆ ಇದೇ. ಆದರೂ ಸರ್ವನಾಮದ ಪಾಠದಲ್ಲಿ ಇದಕ್ಕೆ ಸಿಗುವ ಜಾಗ ತೀರಾ ಕಡಿಮೆ. ಮೊದಲ ವಾರದಲ್ಲೇ ಇದನ್ನು ಕಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕನ್ನಡದಿಂದ ಬರುವ ಇನ್ನೊಂದು ತೊಡಕು ಇದಕ್ಕೆ ವಿರುದ್ಧವಾದದ್ದು. 'ಪುಸ್ತಕ ಎಲ್ಲಿ?' ಎಂದು ಕೇಳಿದರೆ 'ಕೊಟ್ಟೆ' ಎಂಬ ಒಂದೇ ಪದದಲ್ಲಿ ನಮ್ಮ ಉತ್ತರ ಮುಗಿಯುತ್ತದೆ. ಕೊಟ್ಟವರು ಯಾರೆಂಬುದನ್ನು ಕ್ರಿಯಾಪದದ ಪ್ರತ್ಯಯ ಹೇಳುತ್ತದೆ, ಕೊಟ್ಟದ್ದೇನು ಎಂಬುದನ್ನು ಸಂದರ್ಭ ಹೇಳುತ್ತದೆ. ಇದೇ ಅಭ್ಯಾಸದಲ್ಲಿ 'ಐ ಗೇವ್' ಎಂದು ನಿಲ್ಲಿಸಿದರೆ ಇಂಗ್ಲಿಷ್ ಕಿವಿಗೆ ವಾಕ್ಯ ಅರ್ಧಕ್ಕೇ ನಿಂತಂತೆ ಕೇಳುತ್ತದೆ. 'ಐ ಗೇವ್ ಇಟ್ ಟು ಹರ್' ಎಂದು ಪ್ರತಿಯೊಂದು ಖಾಲಿ ಜಾಗವನ್ನೂ ತುಂಬಬೇಕು. ಮಳೆಯ ವಿಷಯದಲ್ಲಂತೂ 'ಇಟ್ ಈಸ್ ರೇನಿಂಗ್' ಎಂಬಲ್ಲಿನ 'ಇಟ್' ಯಾವ ನಾಮಪದದ ಬದಲಿಗೂ ಬಂದದ್ದಲ್ಲ. ಕರ್ತೃವಿನ ಜಾಗ ಬರಿದಾಗಿರಬಾರದು ಎಂಬ ಕಾರಣಕ್ಕಾಗಿಯೇ ಅದು ಅಲ್ಲಿದೆ.

ಬದಲಿಗೆ ಬಂದ ಪದ ಯಾರನ್ನು ಸೂಚಿಸುತ್ತದೆ ಎಂಬ ಗೊಂದಲವೂ ಸಣ್ಣದಲ್ಲ. 'ರವಿ ಟೋಲ್ಡ್ ಸುರೇಶ್ ದಟ್ ಹಿ ಹ್ಯಾಡ್ ವನ್' ಎಂದರೆ ಗೆದ್ದವನು ರವಿಯೋ ಸುರೇಶನೋ ತಿಳಿಯುವುದಿಲ್ಲ. ಕನ್ನಡದಲ್ಲಿ 'ತಾನು ಗೆದ್ದೆನೆಂದು' ಎಂದು ಬರೆದರೆ ಅದು ರವಿಯ ಗೆಲುವೇ ಆಗುತ್ತದೆ. ಇಂಗ್ಲಿಷಿನಲ್ಲಿ ಅಂಥ ಪದವಿಲ್ಲದ ಕಾರಣ ಹೆಸರನ್ನೇ ಮತ್ತೊಮ್ಮೆ ಬರೆಯುವುದು ಕ್ಷೇಮ. ಹೆಸರು ಮರುಕಳಿಸಿದರೆ ಬರಹ ಕೆಡುತ್ತದೆ ಎಂಬ ಭಯದಿಂದ ಎಲ್ಲೆಲ್ಲೂ 'ಹಿ' ತುಂಬಿದ ಎಷ್ಟೋ ಉತ್ತರ ಪತ್ರಿಕೆಗಳನ್ನು ನಾನು ನೋಡಿದ್ದೇನೆ. ಓದುವವರನ್ನು ದಾರಿ ತಪ್ಪಿಸುವ ಸರ್ವನಾಮಕ್ಕಿಂತ ಎರಡು ಸಲ ಬಂದ ಹೆಸರು ಎಷ್ಟೋ ಮೇಲು.

'ದೇ' ಎಂಬ ಪದದ ಚರಿತ್ರೆ ನನಗೆ ಬಹಳ ಪ್ರಿಯವಾದದ್ದು. ಸರ್ವನಾಮಗಳನ್ನು ಭಾಷೆಗಳು ಸುಲಭವಾಗಿ ಎರವಲು ಪಡೆಯುವುದಿಲ್ಲ. ಹಾಗಿದ್ದೂ ಇಂಗ್ಲಿಷ್ ಈ ಪದವನ್ನು, ಇಂಗ್ಲೆಂಡಿನಲ್ಲಿ ಬಂದು ನೆಲೆಸಿದ ಸ್ಕ್ಯಾಂಡಿನೇವಿಯನ್ನರ ಹಳೆಯ ನಾರ್ಸ್ ಭಾಷೆಯಿಂದ ತೆಗೆದುಕೊಂಡಿತು. ಲಿಂಗ ತಿಳಿಯದ ಒಬ್ಬ ವ್ಯಕ್ತಿಗೂ ಇದನ್ನು ಬಳಸುವುದು 14ನೇ ಶತಮಾನದಿಂದಲೇ ಇದೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಇದನ್ನೇ ವರ್ಷದ ಪದವಾಗಿ ಆರಿಸಿತು. 'ಸಮ್‌ಒನ್ ಲೆಫ್ಟ್ ದೇರ್ ಅಂಬ್ರೆಲಾ' ಎಂಬುದು ವಿಚಿತ್ರವೆನಿಸುವವರು 'ಯಾರೋ ತಮ್ಮ ಕೊಡೆ ಬಿಟ್ಟುಹೋಗಿದ್ದಾರೆ' ಎಂಬ ವಾಕ್ಯವನ್ನು ಒಮ್ಮೆ ಬಾಯಿಬಿಟ್ಟು ಹೇಳಿನೋಡಬೇಕು. ಕೊಡೆ ಒಂದು, ಬಿಟ್ಟವರು ಒಬ್ಬರು, ಪ್ರತ್ಯಯ ಬಹುವಚನದ್ದು. ಗಂಡೋ ಹೆಣ್ಣೋ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಇನ್ನು 'ಐ' ಮತ್ತು 'ಯು' ಎಂಬ ಪದಗಳಿಗೆ ಬದಲಿಯ ವ್ಯಾಖ್ಯೆ ಒಪ್ಪುವುದೇ ಇಲ್ಲ. ಮಾತನಾಡುವವರು ಬದಲಾದಂತೆ ಅವು ಸೂಚಿಸುವ ವ್ಯಕ್ತಿಯೂ ಬದಲಾಗುತ್ತದೆ. ಮೊದಲು ಒಂದು ನಾಮಪದ ಬಂದಿರಬೇಕೆಂಬ ನಿಯಮ ಅವಕ್ಕಿಲ್ಲ. ಸಂಸ್ಕೃತದಿಂದ ನಾವು ಪಡೆದ 'ಸರ್ವನಾಮ' ಎಂಬ ಹೆಸರು, ಎಲ್ಲರಿಗೂ ಸಲ್ಲುವ ನಾಮ ಎಂಬ ಅರ್ಥದಲ್ಲಿ, ಇಲ್ಲಿ 'ಪ್ರೊನೋಮೆನ್'ಗಿಂತ ಚೆನ್ನಾಗಿ ಹೊಂದುತ್ತದೆ. ಕತ್ತಲಲ್ಲಿ ಬಾಗಿಲು ತಟ್ಟಿದವರನ್ನು 'ಯಾರು?' ಎಂದು ಕೇಳಿದಾಗ 'ನಾನು' ಎಂಬ ಉತ್ತರ ಬರುತ್ತದೆ. ಹೆಸರಿನ ಸುಳಿವೇ ಇಲ್ಲದೆ, ಆ ದನಿಯೊಂದನ್ನೇ ನಂಬಿ ನಾವು ಬಾಗಿಲು ತೆರೆಯುತ್ತೇವೆ.