ಮಡಕೆಯೊಳಗಿನ ದೀಪ

ಪೋರ್ಚುಗಲ್‌ನಲ್ಲಿ ಬೆಲ್ಮೊಂಟೆ ಅಂತ ಬೆಟ್ಟದ ಮೇಲಿನ ಸಣ್ಣ ಊರಿದೆ. ಲಿಸ್ಬನ್‌ನಿಂದ ಬಸ್ಸಿನಲ್ಲಿ ದೂರ ಜಾಸ್ತಿ, ಆದರೂ ಹೋಗಲೇಬೇಕು ಅನ್ನಿಸಿತ್ತು. 1500ರಲ್ಲಿ ಬ್ರೆಜಿಲ್ ಮುಟ್ಟಿ ಕಲ್ಲಿಕೋಟೆಗೆ ಬಂದ ಕಬ್ರಾಲ್ ಹುಟ್ಟಿದ ಊರದು. ಅವನ ಹಡಗಿನಲ್ಲಿ ಗಾಸ್ಪರ್ ದ ಗಾಮಾ ಎಂಬ ಯಹೂದಿ ದುಭಾಷಿಯೂ ಇದ್ದ. ವಾಸ್ಕೋ ದ ಗಾಮಾನವರು ಅವನನ್ನು ಹಿಡಿದದ್ದು ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಹಿಂಸೆ ಕೊಟ್ಟು, ಕ್ರೈಸ್ತನನ್ನಾಗಿ ಮಾಡಿ, ಆ ಹೆಸರಿಟ್ಟರು.

ಬೆಲ್ಮೊಂಟೆಯ ಯಹೂದಿಗಳಿಗೂ ಅದೇ ಗತಿ. 1497ರಲ್ಲಿ ರಾಜ ಮನುವೆಲ್ ಎಲ್ಲರನ್ನೂ ಬಲವಂತವಾಗಿ ಮತಾಂತರ ಮಾಡಿಸಿದ. ಗುಟ್ಟಾಗಿ ಹಳೆಯ ಧರ್ಮ ಪಾಲಿಸುವವರನ್ನು ಹುಡುಕಿ ಶಿಕ್ಷಿಸುವ ಇಂಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ 1536ರಲ್ಲಿ ಬಂತು, 1821ರವರೆಗೂ ಹೋಗಲಿಲ್ಲ.

ಅಲ್ಲಿನ ಯಹೂದಿ ಮ್ಯೂಸಿಯಂನಲ್ಲಿ ನಾನು ತುಂಬಾ ಹೊತ್ತು ನಿಂತುಬಿಟ್ಟೆ. ಶುಕ್ರವಾರ ಸಂಜೆ ಸಬ್ಬತ್, ಅಂದರೆ ಯಹೂದಿಗಳ ವಾರದ ಪವಿತ್ರ ದಿನದ ದೀಪ ಹಚ್ಚಬೇಕು, ಆದರೆ ಬೆಳಕು ಬೀದಿಗೆ ಕಂಡರೆ ಯಾರಾದರೂ ದೂರು ಕೊಡುತ್ತಾರೆ, ಅದಕ್ಕೇ ಹೆಂಗಸರು ದೀಪವನ್ನು ಮಡಕೆಯೊಳಗೆ ಇಟ್ಟು ಹಚ್ಚುತ್ತಿದ್ದರಂತೆ. ಯಹೂದಿಗಳ ಪಾಸೋವರ್ ಹಬ್ಬದ ದಿನ ಕಣ್ಣಿಟ್ಟಿರುತ್ತಾರೆ ಅಂತ ಹಬ್ಬದ ಹುಳಿಯಿಲ್ಲದ ರೊಟ್ಟಿಯನ್ನು ಒಂದೆರಡು ದಿನ ತಡವಾಗಿ ಸುಡುತ್ತಿದ್ದರು. ಚರ್ಚಿಗೆ ಹೋಗುವಾಗ ಬಾಗಿಲಲ್ಲೇ ಮೆಲ್ಲಗೆ, ನಾನು ಮರಕ್ಕೂ ಕಲ್ಲಿಗೂ ಕೈಮುಗಿಯುವುದಿಲ್ಲ ಅನ್ನುವ ಅರ್ಥದ ಪ್ರಾರ್ಥನೆ ಹೇಳಿಕೊಂಡೇ ಒಳಗೆ ಕಾಲಿಡುತ್ತಿದ್ದರು. ಧರ್ಮಗ್ರಂಥ ತೋರಾ ಇಲ್ಲ, ಧರ್ಮಗುರು ರಬ್ಬಿ ಇಲ್ಲ, ಪ್ರಾರ್ಥನೆಯ ಭಾಷೆ ಹೀಬ್ರೂ ಮರೆತೇಹೋಯಿತು. ಪ್ರಾರ್ಥನೆಗಳೆಲ್ಲ ಪೋರ್ಚುಗೀಸಿನಲ್ಲೇ, ಅಜ್ಜಿಯ ಬಾಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ.

ಹೊರಗೆ ಒಂದು, ಒಳಗೆ ಒಂದು. ವಾರವಾರವೂ, ಬದುಕಿಡೀ. ಮನಸ್ಸು ಎಷ್ಟು ಸೋತಿರಬೇಕು ಅಲ್ವಾ? ಅಪ್ಪ ಹೋದ ಮೇಲೆ ನಾನು ಎರಡು ವರ್ಷ ದೇವರ ಕೋಣೆಗೆ ಕಾಲಿಟ್ಟಿರಲಿಲ್ಲ, ಯಾರೂ ನನ್ನನ್ನು ತಡೆದಿರಲಿಲ್ಲ. ಆ ಹೆಂಗಸರ ಮುಂದೆ ನನಗೆ ಮಾತೇ ಬರಲಿಲ್ಲ.

1917ರಲ್ಲಿ ಸ್ಯಾಮ್ಯುಯೆಲ್ ಶ್ವಾರ್ಜ್ ಎಂಬ ಪೋಲಿಷ್ ಗಣಿ ಎಂಜಿನಿಯರ್ ಈ ಕಡೆ ಬಂದ. ತಾನೂ ಯಹೂದಿ ಅಂದರೆ ಯಾರೂ ನಂಬಲಿಲ್ಲ. ಹಾಗಾದರೆ ಒಂದು ಪ್ರಾರ್ಥನೆ ಹೇಳು ಅಂದರು. ಅವನು ಹೀಬ್ರೂವಿನಲ್ಲಿ ಶೆಮಾ ಎಂಬ ಯಹೂದಿಗಳ ಮುಖ್ಯ ಪ್ರಾರ್ಥನೆ ಹೇಳಿದ. ಯಾರಿಗೂ ಏನೂ ಅರ್ಥವಾಗಲಿಲ್ಲ, ಆದರೆ 'ಅದೋನಾಯ್' ಅನ್ನುವ ಪದ ಬಂದಾಗ ಹೆಂಗಸರು ಕೈಯಿಂದ ಕಣ್ಣು ಮುಚ್ಚಿಕೊಂಡರು. ಇವನು ನಿಜವಾಗಿಯೂ ನಮ್ಮವನೇ, ದೇವರ ಹೆಸರು ಗೊತ್ತಿದೆ ಅಂದಳಂತೆ ಒಬ್ಬ ಮುದುಕಿ. ಹೀಬ್ರೂವಿನಲ್ಲಿ ಉಳಿದಿದ್ದು ಹೆಚ್ಚುಕಡಿಮೆ ಆ ಒಂದೇ ಪದ.

1996ರಲ್ಲಿ ಇಲ್ಲಿ ಬೇತ್ ಎಲಿಯಾಹು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ತೆರೆಯಿತು. ನಾನು ಹೋದದ್ದು ಶುಕ್ರವಾರ. ಕಲ್ಲುಹಾಸಿನ ಬೀದಿಯಲ್ಲಿ ನಾಲ್ಕೈದು ಜನ ಮೆಲ್ಲಗೆ ನಡೆದು ಒಳಗೆ ಹೋದರು. ಸಿನಗಾಗ್ ಬಂದ ಮೇಲೂ ಕೆಲವು ಅಜ್ಜಿಯಂದಿರು ಬಾಗಿಲು ಹಾಕಿಕೊಂಡು ಮನೆಯಲ್ಲೇ ಹಳೆಯ ಪ್ರಾರ್ಥನೆ ಹೇಳುತ್ತಿದ್ದರಂತೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಮುಚ್ಚಿದ ಕಿಟಕಿಗಳನ್ನು ನೋಡುತ್ತಾ ಸುಮ್ನೆ ನಡೆದೆ.