ದೇವರ ಕೋಣೆಯ ಕ್ಯಾಲೆಂಡರ್
ಬಳ್ಳಾರಿಯಲ್ಲಿರುವ ನಮ್ಮ ಸೋದರತ್ತೆಯ ದೇವರ ಕೋಣೆಯಲ್ಲಿ ಎನ್.ಟಿ. ರಾಮರಾವ್ ಕೃಷ್ಣನ ವೇಷದಲ್ಲಿರುವ ಹಳೆಯ ಕ್ಯಾಲೆಂಡರ್ ಚಿತ್ರವೊಂದಿದೆ. ಅದರ ಅಂಚು ಕುಂಕುಮ ಮೆತ್ತಿ ಕೆಂಪಾಗಿದೆ. 1982ರ ಮಾರ್ಚಿನಲ್ಲಿ ಪಕ್ಷ ಕಟ್ಟಿ, 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದ ಆ ನಟರನ್ನು ಗೆಲ್ಲಿಸಿದ್ದು ಬರೀ ಈ ಕಿರೀಟವೇ ಎಂದು ಇಂದು ಬೆಳಿಗ್ಗೆ ಅದರೆದುರು ನಿಂತು ಯೋಚಿಸಿದೆ. ನನಗೇನೋ ಹಾಗನ್ನಿಸದು. ಐದು ವರ್ಷ ತುಂಬುವುದರೊಳಗೆ ದೆಹಲಿಯ ಅಪ್ಪಣೆಯಂತೆ ನಾಲ್ವರು ಕಾಂಗ್ರೆಸ್ ಮುಖ್ಯಮಂತ್ರಿಗಳು ಬಂದದ್ದನ್ನು ಕಂಡು ಬೇಸತ್ತಿದ್ದ ಆಂಧ್ರದ ಮತದಾರರಿಗೆ, ಖಾಕಿ ತೊಟ್ಟು, ವ್ಯಾನಿನ ಮೇಲೆ ನಿಂತು, ತೆಲುಗರ ಆತ್ಮಗೌರವದ ಕುರಿತು ಮಾತನಾಡಿದ ಈ ಹೊಸಬರ ಬೆನ್ನಿಗೆ ಹಳೆಯ ರಾಜಕೀಯದ ಹೊರೆ ಇಲ್ಲದಿದ್ದುದೇ ದೊಡ್ಡ ಅರ್ಹತೆಯಾಗಿ ಕಂಡಿರಬೇಕು. ಅದೇ 1982ರಲ್ಲಿ ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿದ್ದ ನಮ್ಮ ರಾಜ್‌ಕುಮಾರ್ ಅವರು ಮಾತ್ರ ಯಾವ ಚುನಾವಣೆಗೂ ನಿಲ್ಲಲಿಲ್ಲ. ಅಂದಹಾಗೆ, ಅತ್ತೆ ರಾಮರಾವ್ ಅವರಿಗೆ ಮತ ಹಾಕಿದವರಲ್ಲ. ಬಳ್ಳಾರಿ ಇರುವುದು ಕರ್ನಾಟಕದಲ್ಲಲ್ಲವೇ!