ಮನೇಲಿ ಹೆಂಗಸರು ಯಾರೂ ಇಲ್ವಾ?

ಮಂಗಳವಾರದಿಂದ ಈ ಒಂದು ಪ್ರಶ್ನೆ ತಲೆಯೊಳಗೆ ಸುತ್ತುತ್ತಿದೆ. ಕೇಳಿದವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ.

ಅಮ್ಮನನ್ನು ಚೆಕಪ್‌ಗೆ ಕರೆದುಕೊಂಡು ಹೋಗಿದ್ದೆ. ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಯಿತು. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಿದ್ದರಿಂದ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತೂ ಕಷ್ಟ. ಎಲ್ಲ ಅರ್ಥವಾಗುತ್ತೆ, ಹೇಳಬೇಕಾದ ಪದ ಮಾತ್ರ ಬಾಯಿಗೆ ಬರಲ್ಲ. ಡಾಕ್ಟರ ಕೋಣೆಯ ಮುಂದೆ ಒಂದೂವರೆ ಗಂಟೆ ಕಾದಿದ್ದೆವು. ಅಮ್ಮ ಎಡಗೈಯಿಂದ ನನ್ನ ಅಂಗಿಯ ತೋಳು ಎಳೆದಳು. ಹಾಗೆ ಎಳೆದರೆ ಟಾಯ್ಲೆಟ್‌ಗೆ ಹೋಗಬೇಕು ಅಂತ.

ವೀಲ್‌ಚೇರ್ ತಳ್ಳಿಕೊಂಡು ಹೋದೆ. ಒಂದು ಬಾಗಿಲ ಮೇಲೆ ಗಂಡಸಿನ ಚಿತ್ರ, ಇನ್ನೊಂದರ ಮೇಲೆ ಹೆಂಗಸಿನ ಚಿತ್ರ. ವೀಲ್‌ಚೇರ್ ಗುರುತಿದ್ದ ಮೂರನೆಯದಕ್ಕೆ ಬೀಗ ಹಾಕಿತ್ತು. ಗಂಡಸರ ಟಾಯ್ಲೆಟ್‌ಗೆ ಅಮ್ಮನನ್ನು ಕರೆದುಕೊಂಡು ಹೋದರೆ ಅವಳಿಗೆ ಎಷ್ಟು ಅವಮಾನ ಆಗುತ್ತೆ ಅಂತ ನನಗೆ ಗೊತ್ತು. ಹೆಂಗಸರ ಕಡೆಗೆ ತಿರುಗಿಸಿದೆ. ಬಾಗಿಲಲ್ಲಿ ನೆಲ ಒರೆಸುತ್ತಿದ್ದವರು ಕೈ ಅಡ್ಡ ಹಿಡಿದರು.

"ನೀವು ಒಳಗೆ ಬರೋ ಹಾಗಿಲ್ಲ."

"ಅಮ್ಮಂಗೆ ಒಬ್ಬಳಿಗೇ ಆಗಲ್ಲ. ನಾನೇ ಎತ್ತಿ ಕೂರಿಸಬೇಕು."

ಅವರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. "ಮನೇಲಿ ಹೆಂಗಸರು ಯಾರೂ ಇಲ್ವಾ?"

ನಾನು ಏನಂದೆ ಗೊತ್ತಾ? "ಅಕ್ಕ ಇದ್ದಾಳೆ, ಅವಳಿಗೆ ಆಫೀಸು" ಅಂದೆ. ಬಾಯಿಗೆ ಬಂದ ಮೊದಲ ಉತ್ತರ ಅದು. ನನಗೂ ಆಫೀಸಿದೆ. ನಾನೂ ರಜೆ ಹಾಕಿಯೇ ಬಂದಿದ್ದೆ. ಆದರೆ ಅಲ್ಲಿ ನಿಂತುಕೊಂಡು ನಾನು ಅಕ್ಕ ಯಾಕೆ ಬಂದಿಲ್ಲ ಅನ್ನೋದಕ್ಕೆ ಕಾರಣ ಕೊಟ್ಟೆ. ನಿಜವಾಗಿ ಬರಬೇಕಾಗಿದ್ದವಳು ಅವಳೇ, ನಾನು ಸುಮ್ನೆ ಅವಳ ಬದಲಿಗೆ ಬಂದವನು ಅನ್ನೋ ಹಾಗೆ.

ಆಗ ಅಮ್ಮ ಕುರ್ಚಿಯಿಂದ ಮಾತಾಡಿದಳು. ದಿನಕ್ಕೆ ಹತ್ತು ಹದಿನೈದು ಪದ ಆಡುವುದೇ ಹೆಚ್ಚು. "ಇವ್ನು... ಇದಾನೆ" ಅಂದಳು.

ಎರಡೇ ಪದ. ಆ ಹೆಂಗಸು ಒಂದು ಗಳಿಗೆ ನಿಂತರು. ಆಮೇಲೆ ಒಳಗೆ ಹೋಗಿ ಇದ್ದವರನ್ನೆಲ್ಲ ಬೇಗ ಬನ್ನಿ ಅಂತ ಕರೆದರು, ಬಾಗಿಲಿಗೆ ಅಡ್ಡ ನಿಂತು, ಬಂದವರನ್ನು ಹೊರಗೇ ನಿಲ್ಲಿಸಿದರು. ನಾವು ಹೊರಗೆ ಬರುವವರೆಗೂ ಅಲ್ಲಿಂದ ಕದಲಲಿಲ್ಲ. ಕೈ ಅಡ್ಡ ಹಿಡಿದದ್ದೂ ತಪ್ಪು ಅಂತ ನಾನು ಹೇಳಲ್ಲ. ಒಳಗಿದ್ದ ಹೆಂಗಸರಿಗೆ ಗುರುತಿಲ್ಲದ ಗಂಡಸು ನುಗ್ಗಿದರೆ ಹೆದರಿಕೆ ಆಗುತ್ತೆ, ಆಗಲೇಬೇಕು. ನನಗೆ ಸಿಟ್ಟು ಬಂದದ್ದು ಆ ಬೀಗದ ಮೇಲೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ "ಗೊತ್ತಿಲ್ಲ" ಅಂದ ಕೌಂಟರಿನವರ ಮೇಲೆ. ಅಮೆರಿಕದಲ್ಲಿ 2016ರಲ್ಲಿ ಒಂದು ಕಾನೂನು ಮಾಡಿದರು, ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ಜನ ಬಳಸುವ ಗಂಡಸರ ಟಾಯ್ಲೆಟ್‌ಗಳಲ್ಲೂ ಮಗುವಿನ ಡಯಾಪರ್ ಬದಲಿಸೋದಕ್ಕೆ ಜಾಗ ಇರಬೇಕು ಅಂತ. ಅಷ್ಟು ಚಿಕ್ಕ ವಿಷಯಕ್ಕೂ ಕಾನೂನೇ ಬೇಕಾಯಿತು! ಮಗುವನ್ನು ಎತ್ತಿಕೊಂಡ ಅಪ್ಪ ಒಬ್ಬ ಬರಬಹುದು ಅಂತ ಗೋಡೆ ಕಟ್ಟಿದವರಿಗೆ ಹೊಳೆದೇ ಇರಲಿಲ್ಲ ಅಲ್ವಾ? ಅಮ್ಮನನ್ನು ಕರೆದುಕೊಂಡು ಮಗ ಬರುತ್ತಾನೆ ಅಂತ ನಮ್ಮ ಆಸ್ಪತ್ರೆಯವರಿಗೂ ಹೊಳೆದಿಲ್ಲ.

ಒಳಗೆ ಏನೂ ತೊಂದರೆ ಆಗಲಿಲ್ಲ. ಅವಳ ಬಲ ಮೊಣಕಾಲು ಕುಸಿಯದ ಹಾಗೆ ನನ್ನ ಮೊಣಕಾಲು ಒತ್ತು ಕೊಟ್ಟೆ, ಬೆನ್ನ ಮೇಲೆ ಹೆಗಲ ಮೂಳೆಯ ಹಿಂದೆ ಕೈ ಹಾಕಿ ಮುಂದಕ್ಕೆ ಬಾಗಿಸಿ ಎಬ್ಬಿಸಿದೆ. ಸೋತ ಕೈಯನ್ನು ಹಿಡಿದು ಎಳೆಯಬಾರದು, ಭುಜದ ಕೀಲು ಜಾರುತ್ತೆ. ಒರೆಸುವಾಗ ಮುಂದಿನಿಂದ ಹಿಂದಕ್ಕೆ, ಇಲ್ಲದಿದ್ದರೆ ಮೂತ್ರದ ಸೋಂಕು ಬರುತ್ತೆ. ಮೊದಮೊದಲು ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಾನೂ ಬೇರೆ ಕಡೆ ನೋಡುತ್ತಿದ್ದೆ. ಈಗ ಇಬ್ಬರೂ ಹಾಗೆ ಮಾಡಲ್ಲ. ಯಾವ ದಿನ ಅದು ನಿಂತಿತೋ ನೆನಪಿಲ್ಲ.

ಇದನ್ನೆಲ್ಲ ನನಗೆ ಕಲಿಸಿದವರು ವಾರ್ಡಿನಲ್ಲಿದ್ದ ಒಬ್ಬ ಬ್ರದರ್. ಹೆಣ್ಣು ನರ್ಸ್ ಆದರೆ ಸಿಸ್ಟರ್, ಗಂಡಾದರೆ ಬ್ರದರ್, ಹಾಗೇ ಕರೆಯುತ್ತೇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಲ್ಲಿ ಹುಣ್ಣು ಆಗುತ್ತೆ ಅಂದವರು ಅವರು. ಬಟ್ಟೆ ಹಾಕುವಾಗ ಮೊದಲು ಸೋತ ಕೈ, ತೆಗೆಯುವಾಗ ಕೊನೆಗೆ ಸೋತ ಕೈ. ಊಟ ಕೊಡುವಾಗ ನೆಟ್ಟಗೆ ಕೂರಿಸಿ, ಮುಗಿದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತೆ. ಹಾಸಿಗೆ ಹಿಡಿದವರ ಕೂದಲು ಎರಡೇ ದಿನದಲ್ಲಿ ಗಂಟು ಕಟ್ಟುತ್ತೆ, ಪಕ್ಕಕ್ಕೆ ಸಡಿಲವಾಗಿ ಜಡೆ ಹಾಕಿ ಅಂದರು. ನನಗೆ ಬರಲ್ಲ ಅಂದಾಗ ಅವರೇ ಹಾಕಿ ತೋರಿಸಿದರು. ಎಷ್ಟು ಹಗುರವಾದ ಕೈ! ಅಮ್ಮನಿಗೆ ಅವರ ಮೇಲೆ ತುಂಬಾ ವಿಶ್ವಾಸ. ಆದರೂ ಪಕ್ಕದ ಹಾಸಿಗೆಯವರು ಅವರನ್ನು ಕಂಡಾಗಲೆಲ್ಲ "ಸಿಸ್ಟರ್ ಯಾರೂ ಇಲ್ವಾ?" ಅಂತಿದ್ದರು. ಅವರು ಪ್ರತಿ ಸಲವೂ "ಕರೀತೀನಮ್ಮ" ಅಂತ ಹೇಳಿ ಹೋಗಿ ಕರೆಯುತ್ತಿದ್ದರು. ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ರೋಗಿ ಬೇಡ ಅಂದರೆ ಬೇಡ, ಅದು ಅವರ ಹಕ್ಕು ಅನ್ನುತ್ತಿದ್ದರು.

ಅವರಿಂದಾಗಿ ನಾನು ಇದರ ಬಗ್ಗೆ ಒಂದಿಷ್ಟು ಓದಿದೆ. ಜಗತ್ತಿನ ನರ್ಸ್‌ಗಳಲ್ಲಿ ಸುಮಾರು ಶೇಕಡ 90ರಷ್ಟು ಹೆಂಗಸರು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಹೇಳುತ್ತೆ. ಆದರೆ ಇದು ಮೊದಲಿನಿಂದಲೂ ಹೀಗೇ ಇದ್ದದ್ದಲ್ಲ. ಮಧ್ಯಯುಗದ ಯೂರೋಪಿನಲ್ಲಿ ರೋಗಿಗಳ ಸೇವೆಗೇ ಅಂತ ಸನ್ಯಾಸಿಗಳ ಸಂಘಗಳಿದ್ದವು. 1860ರಲ್ಲಿ ಲಂಡನ್ನಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆ ಶುರುವಾದಾಗ ಅದು ಹೆಂಗಸರಿಗೆ ಮಾತ್ರ. ಅಮೆರಿಕದ ಸೇನೆಯ ನರ್ಸ್ ದಳಕ್ಕೆ ಗಂಡಸರನ್ನು ಸೇರಿಸಿಕೊಂಡದ್ದು 1955ರಲ್ಲಿ. ನನ್ನ ಮನಸ್ಸಿನಲ್ಲಿ ಉಳಿದಿರೋದು ಜೋ ಹೋಗನ್ ಅವರ ಕೇಸು. ಆಗಲೇ ನರ್ಸ್ ಆಗಿ ಕೆಲಸ ಮಾಡುತ್ತಿದ್ದವರು, ಮುಂದೆ ಓದೋಣ ಅಂತ ಅರ್ಜಿ ಹಾಕಿದರೆ ಮಿಸಿಸಿಪ್ಪಿಯ ಮಹಿಳಾ ವಿಶ್ವವಿದ್ಯಾಲಯ ಗಂಡಸು ಅಂತ ಸೀಟು ಕೊಡಲಿಲ್ಲ. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ತೀರ್ಪು ಬರೆದವರು ಆ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್. ಗಂಡಸರನ್ನು ಹೊರಗಿಟ್ಟರೆ ನರ್ಸಿಂಗ್ ಅಂದರೆ ಹೆಂಗಸರದ್ದೇ ಕೆಲಸ ಅನ್ನೋ ಹಳೇ ನಂಬಿಕೆಗೆ ನೀವೇ ಬಲ ಕೊಟ್ಟ ಹಾಗೆ ಅನ್ನೋದು ಅವರ ವಾದ. ಬಾಗಿಲು ಮುಚ್ಚಿದ್ದು ಗಂಡಸಿಗೆ, ಅದರ ಭಾರ ಬಿದ್ದದ್ದು ಹೆಂಗಸರ ಮೇಲೆ. ಒಬ್ಬ ಹೆಂಗಸಿಗೇ ಅದು ಕಂಡಿತು.

ಮಂಗಳವಾರದ ಪ್ರಶ್ನೆಯೂ ಹಾಗೇ ಅನ್ನಿಸುತ್ತಿದೆ. ಕಿವಿಗೆ ಬಿದ್ದದ್ದು ನನಗೆ, ಆದರೆ ಕೇಳಿದ್ದು ಅಲ್ಲಿ ಇಲ್ಲದ ಅಕ್ಕನನ್ನು. ನಾಲ್ಕು ತಿಂಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೆ, ಲೆಕ್ಕ ಇಟ್ಟಿಲ್ಲ. ಕೆಲವರು ಕೇಳಿದ ಮೇಲೆ "ನಿಮ್ಮಂಥ ಮಗ ಎಲ್ಲರಿಗೂ ಸಿಗಲ್ಲ" ಅಂತ ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಬೇಡ. ಇಷ್ಟಕ್ಕೇ ಹೊಗಳಿದರೆ ನನಗಿಂತ ಜಾಸ್ತಿ ಮಾಡಿದವಳಿಗೆ ಏನು ಹೇಳಬೇಕು? ಮೂರು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದಾಗ ಐದು ತಿಂಗಳು ನೋಡಿಕೊಂಡವಳು ಅಕ್ಕ. ದುಡ್ಡು ನಾನು ಕಳಿಸಿದೆ, ಡಾಕ್ಟರ ಹತ್ತಿರ ಮಾತಾಡಿದೆ, ವಾರಕ್ಕೊಮ್ಮೆ ಬಂದು ಹೋದೆ. ನನ್ನ ಪಾಲಿನದ್ದು ಮಾಡಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಸ್ವೀಡನ್ನಿನಲ್ಲಿ 1974ರಲ್ಲೇ ಮಗು ನೋಡಿಕೊಳ್ಳುವ ರಜೆಯನ್ನು ಅಪ್ಪ ಅಮ್ಮ ಯಾರು ಬೇಕಾದರೂ ತಗೋಬಹುದು ಅಂತ ಮಾಡಿದರಂತೆ. ಆದರೂ ತಗೊಂಡವರು ಬಹುಪಾಲು ಅಮ್ಮಂದಿರೇ. 1995ರಲ್ಲಿ ಒಂದು ತಿಂಗಳನ್ನು ಒಬ್ಬೊಬ್ಬರ ಹೆಸರಿಗೇ ಎತ್ತಿಟ್ಟರು, ಅಪ್ಪ ತಗೊಳ್ಳದಿದ್ದರೆ ಆ ತಿಂಗಳು ಇಬ್ಬರಿಗೂ ಇಲ್ಲ. ಆಮೇಲೆ ಅಪ್ಪಂದಿರು ಮನೆಯಲ್ಲಿ ಉಳಿಯಲು ಶುರುಮಾಡಿದರು, ಈಗ ಹಾಗೆ ಎತ್ತಿಟ್ಟ ದಿನ 90. ಇದನ್ನು ಓದುವಾಗ ಅಪ್ಪನ ಆ ಐದು ತಿಂಗಳು ಕಣ್ಣ ಮುಂದೆ ಬಂತು. ನೀನು ಮಾಡಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ. ಇದು ನಿನ್ನದು ಅಂತಲೂ ಯಾರೂ ಎತ್ತಿಟ್ಟಿರಲಿಲ್ಲ. ನಾನಾಗಿ ಕೈ ಚಾಚಲಿಲ್ಲ. ಈ ಸಲ ಅಕ್ಕ ಬೇರೆ ಊರಿನಲ್ಲಿದ್ದಾಳೆ, ಅವಳ ಮಗನಿಗೆ ಪರೀಕ್ಷೆ. ಅದಕ್ಕೇ ನನ್ನ ಕೈಗೆ ಬಂತು. ಇದು ಸತ್ಯ, ಬರೆಯಲೇಬೇಕು.

ಅವತ್ತು ರಾತ್ರಿ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೀಗ, ಆ ಹೆಂಗಸು, ಅಮ್ಮ ಆಡಿದ ಎರಡು ಪದ. ಅಮ್ಮನ ಮಾತು ಕೇಳಿ ಅಳುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಪ್ಪನ್ನ ನಾನು ಗಂಡಸರ ಟಾಯ್ಲೆಟ್‌ಗೆ ಕರ್ಕೊಂಡು ಹೋಗ್ತಿದ್ದೆ ಕಣೋ" ಅಂದಳು. "ಬಾಗಿಲಲ್ಲಿ ನಿಂತು, ಒಳಗೆ ಯಾರಾದ್ರೂ ಇದ್ದೀರಾ ಅಂತ ಕೂಗ್ತಿದ್ದೆ."

"ನಿನ್ನ ಯಾರಾದ್ರೂ ಕೇಳಿದ್ರಾ ಅಕ್ಕ, ಮನೇಲಿ ಗಂಡಸರು ಯಾರೂ ಇಲ್ವಾ ಅಂತ?"

"ಇಲ್ಲಪ್ಪ. ಯಾರೂ ಕೇಳ್ಲಿಲ್ಲ." ಆಮೇಲೆ, ಸಿಟ್ಟಿಲ್ಲದೆ, ನೆನಪು ಮಾಡಿಕೊಂಡು ಹೇಳಿದಳು. "ಎರಡು ಸಲ ನೀನೂ ಅಲ್ಲೇ ಇದ್ದೆ. ಕಿಟಕಿ ಹತ್ರ ನಿಂತ್ಕೊಂಡು ಫೋನಲ್ಲಿ ಮಾತಾಡ್ತಾ ಇದ್ದೆ."

ನನಗೆ ಆ ಕಿಟಕಿ ನೆನಪಿದೆ. ಫೋನಿನಲ್ಲಿ ಯಾರಿದ್ದರು ಅನ್ನೋದೂ ನೆನಪಿದೆ. ಅಪ್ಪನನ್ನು ಹಿಡಿದುಕೊಂಡು ಅಕ್ಕ ಆ ಬಾಗಿಲಲ್ಲಿ ನಿಂತಿದ್ದು ಮಾತ್ರ ಎಷ್ಟು ಯೋಚಿಸಿದರೂ ಕಣ್ಣಿಗೆ ಬರುತ್ತಿಲ್ಲ.

ಅಷ್ಟರಲ್ಲಿ ಅಮ್ಮನ ಮಗ್ಗುಲು ಬದಲಿಸುವ ಹೊತ್ತಾಯಿತು, ಫೋನ್ ಇಟ್ಟೆ. ನನಗೆ ಕಲಿಸಲು ಬ್ರದರ್ ಇದ್ದರು. ಅಪ್ಪನನ್ನು ಹೇಗೆ ಹಿಡಿಯಬೇಕು, ಹೇಗೆ ತಿರುಗಿಸಬೇಕು ಅಂತ ಅವಳಿಗೆ ಯಾರು ಕಲಿಸಿದರು? ಭಾನುವಾರ ಬರುತ್ತಾಳೆ. ಕೇಳಬೇಕು.